ಕೈಗೆಟುಕದ ಕಡತ

ಮೊನ್ನೆ ಹಗರೆಯ ಕಛೇರಿಯೊಂದರಲ್ಲಿ, ಹಳೇಬೀಡಿನ ಬಸ್ಸು ಹಿಡಿಯಬೇಕಾಗಿದ್ದ ರೈತರೊಬ್ಬರು ಬೇಬಾಕಿ ಪತ್ರಕ್ಕಾಗಿ ಬೆಳಗಿನಿಂದಲೂ ಕಾದು ಕುಳಿತಿದ್ದರು. ಲೆಕ್ಕದ ಕಡತಗಳೆಲ್ಲ ಒಳಕೋಣೆಯ ಕಂಪ್ಯೂಟರಿನಲ್ಲಿ. ಮೇಜಿನ ಕಂಪ್ಯೂಟರಿಗೆ ಅವು ಗೋಚರಿಸಲೊಲ್ಲವು. ಗುಮಾಸ್ತನು ನಮ್ಮ ಹಳೆಯ ಶಿಷ್ಯ. ಮೇಜಿನ ಯಂತ್ರದಲ್ಲಿದ್ದ ಪತ್ರವ್ಯವಹಾರವೂ ಸೇರಿದಂತೆ ಎಲ್ಲವನ್ನೂ ಅಳಿಸಿ, ವಿಂಡೋಸನ್ನು ಹೊಸದಾಗಿ ಸ್ಥಾಪಿಸಲು ಹೊರಟಿದ್ದನು.

"ತಾಳಪ್ಪಾ, ಮೊದಲು ಐಪಿ ವಿಳಾಸವನ್ನು ತೋರಿಸು" ಎಂದೆವು. ಅದು 169.254 ಎಂದು ಮೊದಲಾಗಿತ್ತು. ವಿಳಾಸ ಹಂಚತಕ್ಕ ರೌಟರಿನಿಂದ ಉತ್ತರ ಬಾರದಿದ್ದಾಗ ಯಂತ್ರವು ತನಗೆ ತಾನೇ ಇಟ್ಟುಕೊಳ್ಳುವ ವಿಳಾಸವಿದು. ಧರ್ಮಶಾಸ್ತ್ರದ ಸ್ವಯಂದತ್ತಪುತ್ರನು ನಮಗೆ ನೆನಪಾದನು! ದೋಷವು ಕಡತದಲ್ಲಿಲ್ಲ, ದಾರಿಯಲ್ಲಿದೆಯೆಂದು ಇದರಿಂದಲೇ ಸ್ಪಷ್ಟವಾಯಿತು. ಹುಡುಕಲಾಗಿ, ಮೇಜಿನ ಕೆಳಗಿನ ಸ್ವಿಚ್ಚಿನಿಂದ ಒಳಕೋಣೆಯ ರೌಟರಿಗೆ ಹೋಗುವ ತಂತಿಯು ಕಸ ಗುಡಿಸುವಾಗ ಕಳಚಿಕೊಂಡಿತ್ತು. ಅದನ್ನು ಸಿಕ್ಕಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಲು ಕಡತಗಳು ತೆರೆದವು. ರೈತರಿಗೆ ಸಂಜೆಯ ಬಸ್ಸು ಸಿಕ್ಕಿತು.