ಏಜೆಂಟರ ಮಾತಿಗೆ ಮರುಳಾಗುವ ಮುನ್ನ

ನೀಟ್ ಫಲಿತಾಂಶ ಪ್ರಕಟವಾಗುವುದೇ ತಡ, ನಮ್ಮ ಪಟ್ಟಣಗಳ ಗೋಡೆಗಳ ಮೇಲೆ ಕಿರ್ಗಿಸ್ತಾನ್, ಜಾರ್ಜಿಯ, ಉಜ್ಬೇಕಿಸ್ತಾನ್, ರಷ್ಯಾಗಳ ಹೆಸರುಗಳು ರಾರಾಜಿಸತೊಡಗುತ್ತವೆ. ಕಡಿಮೆ ಖರ್ಚಿನಲ್ಲಿ ಎಂಬಿಬಿಎಸ್, ಭಾರತೀಯ ಊಟ, ಶೇಕಡಾ ನೂರು ಭರವಸೆ! ಮಗನನ್ನೋ ಮಗಳನ್ನೋ ಡಾಕ್ಟರನ್ನಾಗಿ ನೋಡಬೇಕೆಂಬ ಹಂಬಲ ತಪ್ಪಲ್ಲ. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ಆಗ ಇದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಸರಕಾರಿ ಸೀಟು ತಪ್ಪಿದವರಿಗೆ ಖಾಸಗಿ ಕಾಲೇಜುಗಳ ಶುಲ್ಕ ಕೈಗೆಟಕದು. ಹೀಗಿರುವಾಗ ಮಕ್ಕಳು ಹೊರದೇಶಕ್ಕೆ ಹೋಗುತ್ತಾರೆಂದು ಆಕ್ಷೇಪಿಸುವ ನೈತಿಕ ಹಕ್ಕು ಆಳುವವರಿಗಂತೂ ಇಲ್ಲ. ನಮ್ಮ ಆಕ್ಷೇಪವಿರುವುದು ವಿಚಾರಿಸದೆ ಹೋಗುವುದರ ಬಗ್ಗೆ. ಮದುವೆ ಸಂಬಂಧ ಕುದುರಿಸುವಾಗ ಏಳು ತಲೆಮಾರು ಕೆದಕುವ ನಾವು, ಲಕ್ಷಾಂತರ ರೂಪಾಯಿ ಸುರಿಯುವ ವಿಶ್ವವಿದ್ಯಾನಿಲಯದ ಬಗ್ಗೆ ಒಬ್ಬ ದಲ್ಲಾಳಿಯ ಮಾತನ್ನೇ ನಂಬಿಬಿಡುತ್ತೇವೆ.

ಮೊದಲು ಕಾನೂನನ್ನು ತಿಳಿಯೋಣ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ವಿದೇಶದ ಕೋರ್ಸು ಕನಿಷ್ಠ 54 ತಿಂಗಳಿನದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅದರ ನಂತರ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಪೂರೈಸಬೇಕು. ಆ ದೇಶದ ಪ್ರಜೆಗಳಂತೆಯೇ ಅಲ್ಲಿ ವೈದ್ಯವೃತ್ತಿ ನಡೆಸುವ ಅರ್ಹತೆ ಆ ಪದವಿಯಿಂದ ಸಿಗಬೇಕು. ಊರಿಗೆ ಮರಳಿದ ಮೇಲೆ ಅರ್ಹತಾ ಪರೀಕ್ಷೆ, ಬಳಿಕ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಇವೆಲ್ಲವೂ ಕೋರ್ಸಿಗೆ ಸೇರಿದ ದಿನದಿಂದ ಹತ್ತು ವರ್ಷಗಳೊಳಗೆ ಮುಗಿಯಬೇಕು. ನೀಟ್‌ನಲ್ಲಿ ಅರ್ಹತೆ ಪಡೆಯದೆ ಹೋದವರಿಗೆ ಈ ಬಾಗಿಲು ತೆರೆಯುವುದೇ ಇಲ್ಲ. 'ನೀಟ್ ಬೇಡ, ಅಲ್ಲಿ ಹೋಗಿ ಎಲ್ಲ ಸರಿಮಾಡೋಣ' ಎನ್ನುವವನನ್ನು ಮನೆಯ ಹೊಸ್ತಿಲು ದಾಟಿಸಬಾರದು.

ಏಜೆಂಟರು ಐದು ವರ್ಷದ 'ಪ್ಯಾಕೇಜ್' ಹೇಳುತ್ತಾರೆ. ಮೇಲಿನ ಲೆಕ್ಕವನ್ನು ಕೂಡಿಸಿದರೆ ಪರೀಕ್ಷೆಯ ತಯಾರಿಯೂ ಸೇರಿ ಏಳು ವರ್ಷಕ್ಕೆ ಕಡಿಮೆಯಾಗದು. ಆ ಅರ್ಹತಾ ಪರೀಕ್ಷೆಯಾದರೋ 300 ಅಂಕಗಳದ್ದು, 150 ಬರಲೇಬೇಕು. ವರ್ಷಕ್ಕೆ ಎರಡು ಬಾರಿ ನಡೆಯುವ ಅದರಲ್ಲಿ ಕುಳಿತವರ ಪೈಕಿ ಬಹುಪಾಲು ಮಂದಿ ಅನುತ್ತೀರ್ಣರಾಗುತ್ತಾರೆ. ಹೀಗೆ ಪದವಿ ಕೈಯಲ್ಲಿದ್ದೂ ಚಿಕಿತ್ಸೆ ನೀಡಲಾಗದೆ ಕೋಚಿಂಗ್ ಸೆಂಟರುಗಳಲ್ಲಿ ವರ್ಷಗಳನ್ನು ಕಳೆಯುತ್ತಿರುವ ಯುವಕ ಯುವತಿಯರು ನಮ್ಮ ನಡುವೆಯೇ ಇದ್ದಾರೆ. ಅವರ ಹೆಸರು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಹೊರಡುವ ಮುನ್ನ ಆ ಕಾಲೇಜಿನಲ್ಲಿ ಕಲಿತು ಇಲ್ಲಿ ಪರೀಕ್ಷೆ ಪಾಸಾದ ಇಬ್ಬರನ್ನಾದರೂ ಹುಡುಕಿ ಮಾತನಾಡಿಸಬೇಕು. ಏಜೆಂಟ್ ತಾನೇ ಕರೆತಂದ 'ಹಳೆಯ ವಿದ್ಯಾರ್ಥಿ' ಈ ಲೆಕ್ಕಕ್ಕೆ ಬಾರದು.

ಇನ್ನೊಂದು ಮಾತು. 'ಅದು ಮುಸ್ಲಿಮ್ ರಾಷ್ಟ್ರ, ಹಲಾಲ್ ಊಟವಿದೆ, ಹೆಣ್ಣುಮಕ್ಕಳಿಗೆ ಭಯವಿಲ್ಲ' ಎಂಬುದು ನಮ್ಮವರನ್ನು ಸೆಳೆಯಲೆಂದೇ ಹೆಣೆದ ಮಾತು. ಊಟ ಹಲಾಲ್ ಆದ ಮಾತ್ರಕ್ಕೆ ಪದವಿಗೆ ಮಾನ್ಯತೆ ಬರುವುದಿಲ್ಲ. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ನುಗ್ಗಿ ಹಲ್ಲೆ ನಡೆಸಿದಾಗ, ಹೊರಗೆ ಬಾರದಂತೆ ನಮ್ಮ ರಾಯಭಾರ ಕಚೇರಿ ವಿದ್ಯಾರ್ಥಿಗಳಿಗೆ ಸೂಚಿಸಬೇಕಾಯಿತು. ಹೆಣ್ಣುಮಕ್ಕಳನ್ನು ಕಳುಹಿಸಬಾರದೆಂದು ನಾವು ಹೇಳುತ್ತಿಲ್ಲ. ಖಂಡಿತ ಕಳುಹಿಸಬೇಕು. ಆದರೆ ಹಾಸ್ಟೆಲ್ ವಿಶ್ವವಿದ್ಯಾನಿಲಯದ್ದೇ ಅಥವಾ ಏಜೆಂಟ್ ಬಾಡಿಗೆಗೆ ಹಿಡಿದ ಮನೆಯೇ ಎಂಬುದು ಮೊದಲೇ ತಿಳಿದಿರಬೇಕು.

ಅಲ್ಲಿ ತಲುಪಿದ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು ಭಾಷೆ. ಪಾಠ ಇಂಗ್ಲಿಷಿನಲ್ಲಿರಬಹುದು, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ರೋಗಿಗೆ ಇಂಗ್ಲಿಷ್ ಬಾರದು. ಬಿಷ್ಕೆಕ್‌ನಲ್ಲಿ ಆತ ರಷ್ಯನ್ ಅಥವಾ ಕಿರ್ಗಿಸ್ ಮಾತನಾಡುತ್ತಾನೆ, ಜಾರ್ಜಿಯದಲ್ಲಿ ಭಾಷೆಯೂ ಬೇರೆ, ಲಿಪಿಯೂ ಬೇರೆ. ಮೊದಲ ವರ್ಷದಿಂದಲೇ ಅದನ್ನು ಕಲಿಯದವರು ಕ್ಲಿನಿಕಲ್ ತರಗತಿಗಳಲ್ಲಿ ಬರಿದೆ ನಿಂತು ನೋಡುವವರಾಗುತ್ತಾರೆ. ಊರಿನವರೇ ಒಂದು ಕೋಣೆಯಲ್ಲಿ ಕೂಡಿಕೊಂಡು, ಅನ್ನ ಸಾರು ಬೇಯಿಸಿಕೊಂಡು ಆರು ವರ್ಷ ಕಳೆಯುವುದು ಹಿತವೆನಿಸಬಹುದು, ಆದರೆ ರೋಗಿಯ ನೋವನ್ನು ಕೇಳಿ ತಿಳಿಯುವ ವಿದ್ಯೆ ಆ ಕೋಣೆಯಲ್ಲಿ ಸಿಗದು. ಚಳಿಯ ಉಡುಪು, ವೀಸಾ ನವೀಕರಣದ ದಿನಾಂಕ, ಆರೋಗ್ಯ ವಿಮೆ ಇವನ್ನು ಹೇಳಿಕೊಡಲು ಹಿರಿಯ ವಿದ್ಯಾರ್ಥಿಗಳಿರುತ್ತಾರೆ. ಪಾಸ್‌ಪೋರ್ಟನ್ನು ಮಾತ್ರ ಯಾರ ಕೈಗೂ ಒಪ್ಪಿಸಿ ಕೂರಬಾರದು. ಶುಲ್ಕವನ್ನು ಬ್ಯಾಂಕಿನ ಮೂಲಕ ವಿಶ್ವವಿದ್ಯಾನಿಲಯದ ಖಾತೆಗೇ ಕಟ್ಟಿ ರಶೀದಿ ಪಡೆಯಬೇಕು.

2022ರ ಯುದ್ಧದ ಪಾಠ ಇನ್ನೂ ಹಸಿಯಾಗಿದೆ. ಖಾರ್ಕಿವ್‌ನಲ್ಲಿ ಆಹಾರ ಸಾಮಗ್ರಿಗಾಗಿ ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಮಾರ್ಚ್ 1ರಂದು ದಾಳಿಗೆ ಬಲಿಯಾದ. ಸಾವಿರಾರು ಮಂದಿ ಕೈಗೆ ಸಿಕ್ಕ ಚೀಲ ಹಿಡಿದು ಮರಳಿದರು. ಇಲ್ಲಿನ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಅಂಕಪಟ್ಟಿ, ಶುಲ್ಕದ ರಶೀದಿ, ಹಾಜರಾತಿಯ ದಾಖಲೆಗಳ ಪ್ರತಿಗಳು ಮೊದಲ ಸೆಮಿಸ್ಟರಿನಿಂದಲೇ ಮನೆಯಲ್ಲೂ ಇರಬೇಕು. ತಲುಪಿದ ವಾರದಲ್ಲೇ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಸಂಕಟ ಬಂದಾಗ ರಾಯಭಾರ ಕಚೇರಿ ಹುಡುಕುವುದು ಆ ಪಟ್ಟಿಯಲ್ಲಿರುವವರನ್ನೇ.

ಹಣದ ವಿಷಯ ಕಹಿಯಾದುದು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿಯ ನೆರವು ನೀಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಕಾಗದದಲ್ಲಿ ಸರಳವಾದ ಆ ತೀರ್ಮಾನ ಎಷ್ಟೋ ಮನೆಗಳ ಚಿನ್ನವನ್ನು ಗಿರವಿ ಅಂಗಡಿಗೆ ಅಟ್ಟಿತು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ವಿದೇಶ ವ್ಯಾಸಂಗದ ಸಾಲದ ಈ ವರ್ಷದ ಷರತ್ತುಗಳನ್ನು ಕೇಳಿ ತಿಳಿದ ಮೇಲೆಯೇ ಇತರ ಸಾಲದ ಯೋಚನೆ ಮಾಡುವುದು ಲೇಸು. ಮದುವೆಯ ಹಾಲ್‌ಗೂ ಬಿರಿಯಾನಿಗೂ ಲಕ್ಷಗಳನ್ನು ಹೊಂದಿಸುವ ಜಮಾಅತ್‌ಗಳು ಬಡ್ಡಿರಹಿತ ಶಿಕ್ಷಣ ನಿಧಿಯೊಂದನ್ನು ಆರಂಭಿಸಲು ಯಾವ ಸರಕಾರದ ಅಪ್ಪಣೆಗೆ ಕಾಯುತ್ತಿವೆಯೋ ನಮಗೆ ತಿಳಿಯದು. ನಿಧಿ ಕೂಡುವವರೆಗೆ, ಫಲಿತಾಂಶದ ದಿನಗಳಲ್ಲಿ ಮಸೀದಿಯ ಕಚೇರಿಯಲ್ಲಿ ಊರಿನ ವೈದ್ಯರೊಬ್ಬರನ್ನು ಕೂರಿಸಿ, ಏಜೆಂಟರು ಕೊಟ್ಟ ಕಾಗದಗಳನ್ನು ಪೋಷಕರ ಎದುರಿನಲ್ಲೇ ಓದಿಸುವ ಕೆಲಸವನ್ನಾದರೂ ಮಾಡಬಹುದು.