ಒಂದು ಮನೆಗೆ ಇಬ್ಬರು ಯಜಮಾನರು

ನಮ್ಮ ಹಿರಿಯರು ಮನೆ ಕಟ್ಟುವಾಗ ಬಿಸಿಲು, ಮಳೆ, ಕಳ್ಳಕಾಕರು, ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು. ಗೋಡೆಯನ್ನು ತೂರಿಕೊಂಡೇ ಒಳಗೆ ಬರಬೇಕಾದ ಅತಿಥಿಯೊಬ್ಬನು ಮುಂದೊಂದು ದಿನ ಬಂದಾನೆಂದು ಅವರು ಹೇಗೆ ತಾನೆ ಊಹಿಸಿಯಾರು? ಚಾಮರಾಜನಗರ, ಗುಂಡ್ಲುಪೇಟೆಗಳ ಹಳೆಯ ತೊಟ್ಟಿಮನೆಗಳನ್ನು ಬಲ್ಲ ವಾಚಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳು. ಪಡಸಾಲೆ, ತೊಟ್ಟಿ, ನಡುಮನೆ, ಅಡಿಗೆಮನೆ, ಹಿತ್ತಲು ಎಂದು ಒಂದರ ಹಿಂದೊಂದು ಸಾಗುವ ಅಂಕಣಗಳು. ಪಡಸಾಲೆಯಲ್ಲಿಟ್ಟ ರೌಟರಿನ ವೈಫೈ ಅಲೆಯು ನಡುಮನೆಯನ್ನು ಸೇರುವ ಹೊತ್ತಿಗೆ ಬಳಲಿ, ಅಡಿಗೆಮನೆಯ ಬಾಗಿಲಲ್ಲಿ ಪ್ರಾಣ ಬಿಡುತ್ತದೆ.

ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದ 1997ರಲ್ಲಿಯೇ ವೈಫೈಗೆ ತಳಹದಿಯಾದ ಮೊದಲ ಮಾನಕವೂ ಪ್ರಕಟವಾಯಿತು. ಜಿಲ್ಲೆ ಪಾಲಾದಾಗ ಕಚೇರಿಗಳು ಎರಡಾದುವು; ಆದರೆ ಯಾವ ಊರಿನ ಕಡತ ಯಾವ ಕಚೇರಿಗೆ ಎಂಬುದನ್ನು ಮೊದಲೇ ಗೊತ್ತುಮಾಡಿದ್ದರು. ಒಂದೇ ಮನೆಯಲ್ಲಿ ಎರಡು ರೌಟರುಗಳನ್ನಿಡುವ ಗೃಹಸ್ಥರು ಮಾತ್ರ ಈ ಏರ್ಪಾಟನ್ನು ಮಾಡಿಕೊಳ್ಳುವುದನ್ನೇ ಮರೆಯುತ್ತಾರೆ. ಅದರ ಫಲವೇನೆಂಬುದನ್ನು ತಿಳಿಯಲು ವಾಚಕರು ಗುಂಡ್ಲುಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು.

ಅರಿಸಿನದ ವ್ಯಾಪಾರದ ಕುಟುಂಬ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಒಲೆ ಬೇರೆಮಾಡಿಕೊಂಡರೂ ಸೂರು ಒಂದೇ ಉಳಿದಿದೆ. ಮುಂಭಾಗ ಅಣ್ಣನಿಗೆ, ಹಿಂಭಾಗ ತಮ್ಮನಿಗೆ. ಇಂಟರ್‌ನೆಟ್ ಸಂಪರ್ಕ ಅಣ್ಣನ ಹೆಸರಿನಲ್ಲಿ. ಬಾಡಿಗೆಯಲ್ಲಿ ಇಬ್ಬರಿಗೂ ಅರ್ಧರ್ಧ. ತಮ್ಮನ ಮಗಳು ಪಿ.ಯು. ಮುಗಿಸಿ ಸಿ.ಇ.ಟಿ. ಬರೆದಿದ್ದಾಳೆ. ಹಿಂಭಾಗಕ್ಕೆ ವೈಫೈ ತಲುಪದೆಂದು ತಮ್ಮನು ಚಾಮರಾಜನಗರಕ್ಕೆ ಹೋದಾಗ ಇನ್ನೊಂದು ರೌಟರನ್ನು ಕೊಂಡು ತಂದು, ಅಣ್ಣನ ರೌಟರಿನಿಂದ ಅಟ್ಟದ ಮೇಲೆ ಹಾಯಿಸಿ ಒಂದು ಕೇಬಲ್ಲನ್ನು ಎಳೆದು, ಎರಡನ್ನೂ ಜೋಡಿಸಿದ. ದೀಪಗಳು ಮಿನುಗಿದುವು, ಮನೆಮಂದಿ ಸಂತೋಷಪಟ್ಟರು.

ಆ ಸಂತೋಷ ಒಂದು ದಿನವೂ ಬಾಳಲಿಲ್ಲ. ತಮ್ಮನ ಹೆಂಡತಿಯ ಮೊಬೈಲಿನಲ್ಲಿ ಇಂಟರ್‌ನೆಟ್ ಉಂಟು, ಮಗಳ ಲ್ಯಾಪ್‌ಟಾಪಿನಲ್ಲಿ ಇಲ್ಲ. ಬೆಳಿಗ್ಗೆ ಇದ್ದದ್ದು ಸಂಜೆಗೆ ಇಲ್ಲ. ಹಾಗೆಂದು ಮುಂಭಾಗದವರು ಸುಖವಾಗಿದ್ದರೆಂದಲ್ಲ. ಅಲ್ಲಿಯೂ ಅದೇ ಕಥೆ. ವೈಫೈ ಗುರುತು ತುಂಬಿಕೊಂಡೇ ತೋರುತ್ತದೆ, ಪುಟ ಮಾತ್ರ ತೆರೆಯದು.

“ಇವರ ಡಬ್ಬ ಬಂದ ಮೇಲೆ ನಮ್ಮದೂ ಕೆಟ್ಟಿತು” ಎಂದಳು ಅಣ್ಣನ ಹೆಂಡತಿ.

“ನಮಗೆ ಬೇಕಾದ ಹೊತ್ತಿಗೆ ಸರಿಯಾಗಿ ಅಕ್ಕ ಆರಿಸಿಬಿಡುತ್ತಾರೆ” ಎಂದಳು ತಮ್ಮನ ಹೆಂಡತಿ.

ಕಾಲೇಜುಗಳ ಆಯ್ಕೆಯನ್ನು ದಾಖಲಿಸಲು ಅಂದೇ ಕಡೆಯ ದಿನ. ತಂದೆಯ ಮೊಬೈಲಿನ ದಿನದ ಡೇಟಾ ಸಂಜೆಗೇ ಮುಗಿದಿತ್ತು. ಹುಡುಗಿ ಲ್ಯಾಪ್‌ಟಾಪನ್ನು ಹಿಡಿದು ಪಡಸಾಲೆಗೆ ಬಂದಳು. ಅಲ್ಲಿಯೂ ಪುಟ ತೆರೆಯಲಿಲ್ಲ. “ದೊಡ್ಡಪ್ಪ, ಒಂದು ಸಲ ಸರಿಮಾಡಿ ಕೊಡಿ” ಎಂದು ಅಳುವ ದನಿಯಲ್ಲಿ ಕೇಳಿದಳು. ದೊಡ್ಡಪ್ಪನಿಗೆ ತಿಳಿದಿದ್ದರೆ ತಾನೆ ಸರಿಮಾಡುವುದು? ಕೊನೆಗೆ ತಂದೆಯ ಸ್ಕೂಟರ್ ಹತ್ತಿ, ಮುಚ್ಚುತ್ತಿದ್ದ ಅಂಗಡಿಯೊಂದನ್ನು ತೆರೆಸಿ, ಅವಳು ಕೆಲಸ ಮುಗಿಸಿದಳು. ಅಂದಿನಿಂದ ತೊಟ್ಟಿಯ ಆಚೆಗೂ ಈಚೆಗೂ ಮಾತು ನಿಂತಿತು.

ಇಂಥ ಮನೆಯಲ್ಲಿ ಬೀಗ ಹಾಕಿದವರು ಯಾರು? ಯಾರೂ ಅಲ್ಲ. ಒಂದು ಮನೆಗೆ ಇಬ್ಬರು ಯಜಮಾನರಾಗಿದ್ದರು, ಅಷ್ಟೆ.

ರೌಟರಿನ ಕೆಲಸಗಳಲ್ಲಿ ಒಂದು, ತನ್ನ ಆಶ್ರಯಕ್ಕೆ ಬಂದ ಪ್ರತಿಯೊಂದು ಉಪಕರಣಕ್ಕೂ ಒಂದು ವಿಳಾಸವನ್ನು ಕೊಡುವುದು. ಈ ಹಂಚಿಕೆಯ ಏರ್ಪಾಟಿಗೆ ಡಿ.ಎಚ್.ಸಿ.ಪಿ. ಎಂದು ಹೆಸರು. ಇಂಟರ್‌ನೆಟ್ಟಿನ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಎಲ್ಲ ಉಪಕರಣಗಳಿಗೂ ಅವು ಸಾಲವು. ಆದ್ದರಿಂದ ಮನೆಯೊಳಗಿನ ಬಳಕೆಗೆಂದೇ ಕೆಲವು ವಿಳಾಸಗಳನ್ನು 1990ರ ದಶಕದಲ್ಲಿ ಮೀಸಲಿಟ್ಟರು. 192.168 ಎಂದು ಆರಂಭವಾಗುವ ಅಂಕೆಗಳು ಆ ಬಗೆಯವು. ಪ್ರತಿಯೊಂದು ಬೀದಿಯಲ್ಲಿಯೂ ಒಂದನೆಯ ನಂಬರಿನ ಮನೆ ಇರುವಂತೆ, ಗುಂಡ್ಲುಪೇಟೆಯ ಮನೆಯಲ್ಲಿಯೂ ಚಾಮರಾಜನಗರದ ಮನೆಯಲ್ಲಿಯೂ 192.168.1.1 ಎಂಬ ರೌಟರ್ ಇರಬಹುದು, ಬಾಧಕವಿಲ್ಲ.

ವಿಳಾಸವನ್ನು ಕೊಡುವಾಗ ರೌಟರು ಇನ್ನೊಂದು ಮಾತನ್ನೂ ಹೇಳುತ್ತದೆ: “ಹೊರಗೆ ಹೋಗಬೇಕಾದರೆ ನನ್ನ ಬಾಗಿಲಿಗೆ ಬಾ.” ತಮ್ಮನು ಕೇಬಲ್ಲಿನ ಎರಡು ತುದಿಗಳನ್ನೂ ಲ್ಯಾನ್ ಪೋರ್ಟುಗಳಿಗೆ ಸಿಕ್ಕಿಸಿದ್ದ. ಇದರಿಂದ ಇಡೀ ಮನೆ ಒಂದೇ ಜಾಲವಾಯಿತು. ಆದರೆ ವಿಳಾಸ ಹಂಚುವವರು ಇಬ್ಬರಾದರು. ಮೊಬೈಲು ವಿಳಾಸವನ್ನು ಕೇಳಿದಾಗ ಯಾರ ಉತ್ತರ ಮೊದಲು ಮುಟ್ಟಿತೋ ಅದನ್ನೇ ಸಾಮಾನ್ಯವಾಗಿ ನಂಬುತ್ತದೆ. ಅಣ್ಣನ ರೌಟರನ್ನು ನಂಬಿದ ಉಪಕರಣ ಹೊರದಾರಿಯನ್ನು ಕಂಡಿತು. ತಮ್ಮನ ರೌಟರನ್ನು ನಂಬಿದ್ದು ಬಾಗಿಲಿಲ್ಲದ ಗೋಡೆಗೆ ಹಣೆ ಹಚ್ಚಿ ನಿಂತಿತು. ಏಕೆಂದರೆ ಆ ರೌಟರಿಗೆ ಹೊರಲೋಕದ ತಂತಿಯೇ ಇಲ್ಲ. ಮೊಬೈಲು ಜಾಲವನ್ನು ಬಿಟ್ಟು ಮತ್ತೆ ಸೇರಿದಾಗಲೂ, ವಿಳಾಸದ ಅವಧಿ ಮುಗಿದು ಹೊಸದನ್ನು ಪಡೆಯುವಾಗಲೂ ಈ ಅದೃಷ್ಟ ಬದಲಾಗಬಹುದು. ಬೆಳಿಗ್ಗೆ ಇದ್ದದ್ದು ಸಂಜೆಗೆ ಇಲ್ಲವಾದದ್ದರ ಗುಟ್ಟು ಇದೇ.

ಹುಡುಗಿಯ ಸೋದರಮಾವ ಚಾಮರಾಜನಗರದಿಂದ ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ಬಂದಿಳಿದನೆನ್ನಿ. ಅವನು ಮಾಡಬೇಕಾದ ಮೊದಲ ಕೆಲಸ, ಇಂಟರ್‌ನೆಟ್ ಇರುವ ಮೊಬೈಲನ್ನೂ ಇಲ್ಲದ ಲ್ಯಾಪ್‌ಟಾಪನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡರಲ್ಲಿಯೂ ಗೇಟ್‌ವೇ ಎಂಬ ಅಂಕೆಯನ್ನು ನೋಡುವುದು. ಒಂದರಲ್ಲಿ 192.168.1.1, ಇನ್ನೊಂದರಲ್ಲಿ 192.168.0.1 ಎಂದು ಕಂಡರೆ ಕಳ್ಳ ಸಿಕ್ಕಿದಂತೆಯೇ. ಆಮೇಲಿನ ಚಿಕಿತ್ಸೆ ಸುಲಭ. ಎರಡನೆಯ ರೌಟರಿನ ವ್ಯವಸ್ಥೆಯ ಪುಟವನ್ನು ತೆರೆದು, ಅದರ ವಿಳಾಸವನ್ನು 192.168.1.2 ಎಂದು ಬದಲಾಯಿಸಬೇಕು. ಮೊದಲನೆಯದು ಆ ಅಂಕೆಯನ್ನು ಬೇರೆ ಉಪಕರಣಕ್ಕೆ ಹಂಚದಂತೆ ನೋಡಿಕೊಳ್ಳಬೇಕು. ಬಳಿಕ ಎರಡನೆಯದರ ಡಿ.ಎಚ್.ಸಿ.ಪಿ.ಯನ್ನು ನಿಲ್ಲಿಸಬೇಕು. ಕೇಬಲ್ಲು ಲ್ಯಾನ್ ಪೋರ್ಟಿನಲ್ಲಿಯೇ ಇರಲಿ. ಈಗ ಅದು ಯಜಮಾನಿಕೆಯನ್ನು ಬಿಟ್ಟು, ಅಲೆಯನ್ನು ಹಿಂಭಾಗಕ್ಕೆ ಮುಟ್ಟಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಆಕ್ಸೆಸ್ ಪಾಯಿಂಟ್ ಎಂಬ ಏರ್ಪಾಟು ಮೊದಲೇ ಇರುವ ರೌಟರಾದರೆ ಅದನ್ನು ಆರಿಸಿದರೂ ಸಾಕು.

ಎರಡು ರೌಟರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಪಡಸಾಲೆಯಿಂದ ಹಿತ್ತಲಿಗೆ ನಡೆದವರ ಮೊಬೈಲು ತಾನಾಗಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಕೆಲವು ಮೊಬೈಲುಗಳು ಹಳೆಯ ನಂಟನ್ನು ಬಿಡಲು ತುಸು ತಡಮಾಡುವುದುಂಟು. ಚಾನೆಲ್ ಮಾತ್ರ ಬೇರೆ ಬೇರೆಯಾಗಿರಬೇಕು. 2.4 ಗಿಗಾಹರ್ಟ್ಸ್ ಅಲೆಯಲ್ಲಿ 1, 6, 11 ಎಂಬ ಚಾನೆಲುಗಳು ಒಂದರ ಮೇಲೊಂದು ಬೀಳುವುದಿಲ್ಲ. ಒಂದಕ್ಕೆ 1, ಇನ್ನೊಂದಕ್ಕೆ 11 ಇಟ್ಟರೆ ಒಳ್ಳೆಯದು. 5 ಗಿಗಾಹರ್ಟ್ಸ್ ಅಲೆ ವೇಗವುಳ್ಳದ್ದು, ಆದರೆ ಗೋಡೆಯ ಮುಂದೆ ಬೇಗ ಸೋಲುತ್ತದೆ.

ತಂತಿ ಎಳೆಯುವ ತೊಂದರೆ ಬೇಡವೆಂದು ರಿಪೀಟರನ್ನು ಕೊಳ್ಳುವವರೂ ಉಂಟು. ಒಂದೇ ಬಾಯಿಂದ ಕೇಳಿದ ಮಾತನ್ನು ಮತ್ತೆ ಹೇಳಬೇಕಾದ್ದರಿಂದ ಸಾಮಾನ್ಯ ರಿಪೀಟರಿನಲ್ಲಿ ವೇಗವು ಸುಮಾರು ಅರ್ಧಕ್ಕಿಳಿಯುತ್ತದೆ. ತಾಮ್ರದ ಕೇಬಲ್ಲಾದರೆ 100 ಮೀಟರಿನವರೆಗೆ ಹುಸಿಹೋಗದು. ಎರಡು ರೌಟರುಗಳ ನಡುವೆ ಭದ್ರತೆಗೆಂದು ಎರಡನೆಯ ಕೇಬಲ್ಲನ್ನು ಹಾಕುವುದು ಮಾತ್ರ ಬೇಡ. ಸಂದೇಶಗಳು ಗಾಣದೆತ್ತಿನಂತೆ ಸುತ್ತಿ ಸುತ್ತಿ ಇಡೀ ಜಾಲವೇ ನಿಲ್ಲಬಹುದು. ಇನ್ನೊಂದು ಮಾತು: ಹಗೇವಿಗೆ ಎರಡು ಬಾಯಿ ಮಾಡಿದರೆ ಒಳಗಿನ ರಾಗಿ ಎರಡರಷ್ಟಾಗದು. ಎರಡನೆಯ ರೌಟರು ದೂರವನ್ನು ಗೆಲ್ಲುತ್ತದೆ. ಕೊಂಡ ವೇಗವನ್ನು ಹೆಚ್ಚಿಸುವುದಿಲ್ಲ.

ಹಾಗಾದರೆ ಇಬ್ಬರು ಯಜಮಾನರು ಎಂದಿಗೂ ಬೇಡವೆ? ಬೇಕಾಗುವ ಸಂದರ್ಭವೂ ಉಂಟು. ಚಾಮರಾಜನಗರದಲ್ಲಿ ಮಹಡಿಯನ್ನು ಬಾಡಿಗೆಗೆ ಕೊಟ್ಟು, ಸಂಪರ್ಕವನ್ನೂ ಹಂಚಿಕೊಂಡಿರುವ ಮನೆಯವರಿಗೆ ತಮ್ಮ ಕಂಪ್ಯೂಟರು, ಪ್ರಿಂಟರುಗಳು ಬಾಡಿಗೆದಾರರ ಕಣ್ಣಿಗೆ ಬೀಳಬಾರದೆಂಬ ಆಸೆ ಸಹಜ. ಆಗ ಎರಡನೆಯ ರೌಟರಿನ ಡಿ.ಎಚ್.ಸಿ.ಪಿ.ಯನ್ನು ಹಾಗೆಯೇ ಬಿಟ್ಟು, ಮೊದಲನೆಯದರಿಂದ ಬಂದ ಕೇಬಲ್ಲನ್ನು ಅದರ ವ್ಯಾನ್ ಪೋರ್ಟಿಗೆ ಹಾಕಬೇಕು. ಎರಡರ ವಿಳಾಸಗಳ ಸಾಲು ಬೇರೆ ಬೇರೆ ಇರಬೇಕು. ಇಲ್ಲಿ ಅನೇಕರು ಎಡವುವ ಒಂದು ಸ್ಥಳವುಂಟು. ಒಳಗಿನ ರೌಟರಿನವರು ಹೊರಗಿನದರ ಉಪಕರಣಗಳನ್ನು ಮುಟ್ಟಬಲ್ಲರು. ಹೊರಗಿನವರು ಒಳಗಿನವನ್ನು ಮುಟ್ಟಲಾರರು. ಆದ್ದರಿಂದ ಒಳಗಿನ ರೌಟರು ಮನೆಯ ಯಜಮಾನರದ್ದಾಗಿರಬೇಕೇ ಹೊರತು ಬಾಡಿಗೆದಾರರದ್ದಲ್ಲ. ಈ ಏರ್ಪಾಟಿನಲ್ಲಿ ಪರಸ್ಥಳದಿಂದ ಮನೆಯ ಕ್ಯಾಮೆರಾ ನೋಡುವಂಥ ಕೆಲವು ಕೆಲಸಗಳು ತೊಡಕಾಗಬಹುದು. ಗೆಸ್ಟ್ ವೈಫೈ ಸೌಲಭ್ಯವಿರುವ ರೌಟರಾದರೆ ಬಾಡಿಗೆದಾರರಿಗೆ ಅದನ್ನೇ ಕೊಡುವುದು ಇನ್ನೂ ಸುಲಭ.

ಪಾಲಾದ ಮನೆಗಳಲ್ಲಿ ಬಾವಿ ಒಂದೇ ಉಳಿಯುವುದು ನಮ್ಮ ಸೀಮೆಯ ಹಳೆಯ ವಾಡಿಕೆ. ಹಗ್ಗ ಯಾರದು, ರಾಟೆಗೆ ಎಣ್ಣೆ ಹಾಕುವವರು ಯಾರು ಎಂಬುದನ್ನು ಮೊದಲೇ ಮಾತಾಡಿಕೊಂಡವರು ನೀರಿಗಾಗಿ ಜಗಳವಾಡಲಿಲ್ಲ. ಇಂದಿನ ಬಾವಿ ಪಡಸಾಲೆಯ ಗೂಡಿನಲ್ಲಿದೆ. ವಿಳಾಸವನ್ನು ಹಂಚುವ ರೌಟರು ಯಾವುದು, ಇನ್ನೊಂದರ ಅಂಕೆ ಏನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಎರಡು ಡಬ್ಬಗಳಿಗೂ ಅಂಟಿಸಬೇಕು. ವ್ಯವಸ್ಥೆಯ ಪುಟದ ಪಾಸ್‌ವರ್ಡ್ ಎರಡು ಒಲೆಯವರಿಗೂ ತಿಳಿದಿರಬೇಕು. ಕರೆಂಟು ಹೋದಾಗ ಮುಂದಿನದು ಆರಿದರೆ ಹಿಂದಿನದೂ ನಿರರ್ಥಕವಾದ್ದರಿಂದ ಎರಡಕ್ಕೂ ಬ್ಯಾಟರಿಯ ಆಸರೆ ಇರಬೇಕು. ಇಷ್ಟಾದ ಮೇಲೆಯೂ ಪುಟ ತೆರೆಯದಿದ್ದರೆ, ತೊಟ್ಟಿಯ ಆಚೆಯವರನ್ನು ಅನುಮಾನಿಸುವ ಮೊದಲು ಗೇಟ್‌ವೇಯ ಅಂಕೆಯನ್ನೊಮ್ಮೆ ನೋಡುವುದು ಲೇಸು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಏರ್ಪಾಟು ಯಾವ ರೌಟರಿನಲ್ಲಿಯೂ ಇಲ್ಲ.