ಬರಿಗಾಲಿನಲ್ಲಿ ಆಡುತ್ತಿದ್ದರೆಂದು ಭಾರತವನ್ನು ವಿಶ್ವಕಪ್‌ನಿಂದ ಹೊರಗಿಟ್ಟರೇ?

"1950ರಲ್ಲಿ ಭಾರತ ಫುಟ್‌ಬಾಲ್ ವಿಶ್ವಕಪ್‌ಗೆ ಆಯ್ಕೆಯಾಗಿತ್ತು. ಆದರೆ ನಮ್ಮ ಆಟಗಾರರಿಗೆ ಬೂಟು ಕೊಳ್ಳಲು ದುಡ್ಡಿರಲಿಲ್ಲ. ಬರಿಗಾಲಿನಲ್ಲಿ ಆಡುವಂತಿಲ್ಲ ಎಂದು ಫೀಫಾ ಹೊರಗಿಟ್ಟಿತು." ವಿಶ್ವಕಪ್ ಹತ್ತಿರ ಬಂದಾಗಲೆಲ್ಲ ಇಂಥದ್ದೊಂದು ಸಂದೇಶ, ಜೊತೆಗೆ ಒಂದು ಕಪ್ಪುಬಿಳುಪು ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ ಇದೆ. ಅಷ್ಟು ನಿಜ ಇರುವುದರಿಂದಲೇ ಇದು ಇಷ್ಟು ವರ್ಷ ಬದುಕಿದೆ.

ಮೊದಲು ನಿಜವಾದ ಅರ್ಧ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಜುಲೈ 31ರಂದು ಲಂಡನ್ನಿನ ಪೂರ್ವಕ್ಕಿರುವ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಎದುರು ಪಂದ್ಯ. ಎರಡು ಪೆನಾಲ್ಟಿ ಕೈಬಿಟ್ಟು 2-1ರಿಂದ ಸೋತರು. ಫ್ರಾನ್ಸಿನ ಎರಡನೇ ಗೋಲು ಬಂದದ್ದು ಆಟ ಮುಗಿಯಲು ನಿಮಿಷವಷ್ಟೇ ಬಾಕಿ ಇದ್ದಾಗ. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದೇ ಮೊದಲ ಗೋಲು. ಫಾರ್ವರ್ಡ್‌ಗಳಲ್ಲಿ ಈ ಹೆಸರು ಮಾತ್ರ ಇರುವುದಿಲ್ಲ!

ಈಗ ಒಂದು ಪ್ರಶ್ನೆ. ಬೂಟಿಲ್ಲದಿದ್ದರೆ ಫೀಫಾ ಬಿಡುತ್ತಿರಲಿಲ್ಲ ಎಂದಾದರೆ 1948ರಲ್ಲಿ ಬಿಟ್ಟದ್ದು ಹೇಗೆ? ಒಲಿಂಪಿಕ್ಸ್ ಫುಟ್‌ಬಾಲ್ ಕೂಡ ಫೀಫಾ ನಿಯಮದಲ್ಲೇ ನಡೆಯುವುದು. 1950 ಆದ ಮೇಲಿನ ಕಥೆ ಇನ್ನೂ ಸ್ಪಷ್ಟ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ನಮ್ಮ ಕೆಲವರು ಬರಿಗಾಲಿನಲ್ಲೇ ಕಣಕ್ಕಿಳಿದರು, ಯುಗೊಸ್ಲಾವಿಯಾ ಕೈಯಲ್ಲಿ 10-1ರಿಂದ ಸೋತರು. ಬೂಟು ಕಡ್ಡಾಯ ಎಂದು ನಮ್ಮ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಹೇಳಿದ್ದು ಆ ಸೋಲಿನ ನಂತರ. ನಿಷೇಧವಿದ್ದಿದ್ದರೆ ಎರಡು ವರ್ಷ ತಡವಾಗಿ ಎಚ್ಚರವಾಗುತ್ತಿತ್ತೇ?

ಹಾಗಾದರೆ ಬ್ರೆಜಿಲ್‌ಗೆ ಯಾಕೆ ಹೋಗಲಿಲ್ಲ? ಭಾರತ ಆಯ್ಕೆಯಾದದ್ದು ಆಡಿ ಗೆದ್ದಲ್ಲ. ಗುಂಪಿನಲ್ಲಿದ್ದ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಮೂರೂ ಹಿಂದೆ ಸರಿದಿದ್ದವು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿಗೆ ಭಾರತವನ್ನು ಸೇರಿಸಿಯೂ ಆಗಿತ್ತು. ಆಮೇಲೆ ಹಿಂದೆ ಸರಿದದ್ದು ನಮ್ಮ ಒಕ್ಕೂಟವೇ. ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯವಿಲ್ಲ ಎಂಬ ಕಾರಣ ಕೊಟ್ಟರು. ಹಡಗಿನ ದೂರದ ಪ್ರಯಾಣ, ಖರ್ಚು ಎರಡೂ ದೊಡ್ಡದೇ. ಆದರೆ ಖರ್ಚಿನ ಹೆಚ್ಚಿನ ಪಾಲು ಕೊಡಲು ಬ್ರೆಜಿಲ್ ಮುಂದೆ ಬಂದಿತ್ತು, ಹಾಗಾಗಿ ಬಡತನ ಒಂದನ್ನೇ ದೂರುವುದು ಸರಿಯಲ್ಲ. ದೊಡ್ಡ ಕಾರಣ ನನ್ನ ಲೆಕ್ಕದಲ್ಲಿ ಬೇರೆ: ಆಗ ನಮ್ಮವರಿಗೆ ಒಲಿಂಪಿಕ್ಸೇ ಎಲ್ಲ. ಆ ಕಾಲದ ಆಟಗಾರ ಶೈಲೇನ್ ಮನ್ನಾ ಕೂಡ ಮುಂದೆ ಇದನ್ನೇ ಹೇಳಿದರು.

ಇದು ನಮ್ಮೊಬ್ಬರ ಅಸಡ್ಡೆ ಅಲ್ಲ. ಫುಟ್‌ಬಾಲ್‌ನ ತವರು ಎನ್ನುವ ಇಂಗ್ಲೆಂಡ್ ಮೊದಲ ಮೂರು ವಿಶ್ವಕಪ್‌ಗಳಿಗೆ ಹೋಗಲೇ ಇಲ್ಲ. 1950ರಲ್ಲಿ ಮೊದಲ ಸಲ ಹೋಯಿತು. ಹೆಸರಾಂತ ಸ್ಟ್ಯಾನ್ಲಿ ಮ್ಯಾಥ್ಯೂಸ್‌ರನ್ನು ಹೊರಗೆ ಕೂರಿಸಿ ಅಮೆರಿಕದ ಎದುರು ಆಡಿ 1-0ರಿಂದ ಸೋತಿತು. 16 ತಂಡಗಳು ಇರಬೇಕಿದ್ದ ಆ ಟೂರ್ನಿಯಲ್ಲಿ ಆಡಿದ್ದು 13 ಮಾತ್ರ. ಸ್ಕಾಟ್ಲೆಂಡ್, ಟರ್ಕಿ, ಫ್ರಾನ್ಸ್‌ಗಳೂ ಹೋಗಲಿಲ್ಲ. ಅವರಿಗೇನು ಬೂಟು ಇರಲಿಲ್ಲವೇ?

ಬರಿಗಾಲಿನ ಆಟ ಬರೀ ಬಡತನದ ಗುರುತು ಎಂಬುದೂ ತಪ್ಪು. ಒಣಗಿದ, ಗಟ್ಟಿ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ಸಿಗುತ್ತದೆ, ಸರಕ್ಕನೆ ತಿರುಗಬಹುದು. ಚಿಕ್ಕಂದಿನಿಂದ ಹಾಗೆ ಆಡಿದವರಿಗೆ ಬೂಟೇ ಭಾರ. 1911ರಲ್ಲಿ ಮೋಹನ್ ಬಾಗಾನ್ ತಂಡ ಬ್ರಿಟಿಷ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಹತ್ತು ಮಂದಿ ಬರಿಗಾಲಿನಲ್ಲಿದ್ದರು. ತೊಂದರೆ ಶುರುವಾಗುವುದು ಮಳೆ ಬಂದಾಗ. ಹೊಳೆನರಸೀಪುರ, ಅರಕಲಗೂಡು ಕಡೆ ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ನಡೆದವರಿಗೆ ಇದು ಗೊತ್ತು: ಬೆರಳೂರಿ ನಿಧಾನಕ್ಕೆ ನಡೆಯಬಹುದು, ಓಡಲಾಗದು. ಬೂಟಿನ ಅಡಿಯ ಗುಬುಟುಗಳು ಕೆಸರಿಗೆ ಕಚ್ಚಿಕೊಳ್ಳುತ್ತವೆ, ಬರಿಯ ಪಾದ ಜಾರುತ್ತದೆ. ಆಗಿನ ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು. ಹೆಲ್ಸಿಂಕಿಯ ಚಳಿ ಬೇರೆ. ಹಾಗಾಗಿ ದೆಹಲಿಯಲ್ಲಿ 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡ ಮರುವರ್ಷ ಅಲ್ಲಿ ಮುಗ್ಗರಿಸಿತು.

ಆ 10-1ರಲ್ಲಿ ನಮ್ಮ 1 ಯಾರದು? ಬೆಂಗಳೂರಿನ ಅಹ್ಮದ್ ಖಾನ್ ಅವರದು. 1948ರ ಇಲ್ಫರ್ಡ್ ಪಂದ್ಯದಲ್ಲೂ ಅವರಿದ್ದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ 'ಪಂಚಪಾಂಡವರು' ಎಂದು ಜನ ಕರೆಯುತ್ತಿದ್ದ ಐವರು ಮುಂಚೂಣಿ ಆಟಗಾರರಲ್ಲಿ ಇವರೂ ಒಬ್ಬರು. ಬೆಂಗಳೂರು ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ತಂದ ಆಟವನ್ನು ನಮ್ಮವರು ಎಷ್ಟು ಕಲಿತಿದ್ದರೆಂದರೆ 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. 1946ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿತು. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.